ಪರಿಚಯ ಮಾಡಿಸಿದವರನ್ನೇ ಪಕ್ಕಕ್ಕಿಟ್ಟರೆ? – ಕಾನೂನು ಪ್ರಶ್ನೋತ್ತರ

ಪ್ರಶ್ನೆ: ಪೀಣ್ಯದ ಮಷೀನ್ ಶಾಪ್‌ಗಳಿಗೆ ಹೊರಗಿನ ಕಂಪನಿಗಳಿಂದ ಜಾಬ್‌ವರ್ಕ್ ಆರ್ಡರ್ ಕೊಡಿಸಿ ಶೇ. 4 ಕಮಿಷನ್ ಪಡೆಯುತ್ತೇನೆ. ಎರಡು ಆರ್ಡರ್ ಆಗುತ್ತಿದ್ದಂತೆ ಇಬ್ಬರೂ ನೇರವಾಗಿ ಮಾತಾಡಿಕೊಂಡು ನನ್ನನ್ನು ಕೈಬಿಡುತ್ತಾರೆ. ಕರಾರಿನಲ್ಲಿ ಏನು ಬರೆಸಲಿ?
– ಓದುಗರು, ಬೆಂಗಳೂರು

ಉತ್ತರ: ‘ನನ್ನ ಗಿರಾಕಿಯ ಜೊತೆ ನೇರ ವ್ಯವಹಾರ ಮಾಡಕೂಡದು’ ಎಂದಷ್ಟೇ ಬರೆಸಬೇಡಿ. ವ್ಯಾಪಾರಕ್ಕೆ ತಡೆಯೊಡ್ಡುವ ಕರಾರು ಆ ಮಟ್ಟಿಗೆ ಅನೂರ್ಜಿತ ಎನ್ನುತ್ತದೆ 1872ರ ಕರಾರು ಕಾಯ್ದೆಯ 27ನೇ ಕಲಂ. ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು. ಅದನ್ನೇ ಹಣದ ಮಾತಾಗಿ ಬರೆಸಿ: ‘ಅನುಬಂಧದಲ್ಲಿ ಹೆಸರಿಸಿದ ಗಿರಾಕಿ ಅಥವಾ ಅವರ ಸೋದರ ಸಂಸ್ಥೆಯಿಂದ, ಪರಿಚಯದ ದಿನದಿಂದ 24 ತಿಂಗಳೊಳಗೆ ಬರುವ ಪ್ರತಿ ಆರ್ಡರಿಗೂ, ಅದು ಯಾರ ಮೂಲಕ ಬಂದಿರಲಿ, ಜಿಎಸ್‌ಟಿ ಬಿಟ್ಟು ಬಿಲ್ ಮೊತ್ತದ ಶೇ. 4 ಕಮಿಷನ್ ಕೊಡತಕ್ಕದ್ದು.’ ಇದರಿಂದ ಯಾರ ವ್ಯಾಪಾರವೂ ನಿಲ್ಲುವುದಿಲ್ಲ, ನಿಮ್ಮ ಪಾಲು ಮಾತ್ರ ಉಳಿಯುತ್ತದೆ.

ಹೆಚ್ಚಿನವರು ಸೋಲುವುದು ಅನುಬಂಧದಲ್ಲಿ. ಕರಾರಿಗೆ ಸಹಿ ಹಾಕಿದ ದಿನ ಖಾಲಿ ಬಿಟ್ಟದ್ದು ಆಮೇಲೂ ಖಾಲಿಯೇ ಇರುತ್ತದೆ. ಪ್ರತಿ ಹೊಸ ಪರಿಚಯದ ದಿನವೇ ಗಿರಾಕಿಯ ಹೆಸರು, ಜಿಎಸ್‌ಟಿ ನಂಬರು, ಯಾವ ಕೆಲಸಕ್ಕೆ ಎಂಬುದನ್ನು ಇಮೇಲ್ ಮಾಡಿ, ‘ಒಪ್ಪಿದೆ’ ಎಂಬ ಉತ್ತರ ತರಿಸಿಕೊಳ್ಳಿ. ‘ಇವರು ನಮಗೆ ಮೊದಲೇ ಗೊತ್ತಿತ್ತು’ ಎನ್ನುವುದಾದರೆ ಮೂರು ದಿನದೊಳಗೆ ಹಳೆಯ ಬಿಲ್ ಅಥವಾ ಕೊಟೇಶನ್ ತೋರಿಸಬೇಕು ಎಂಬ ಸಾಲೂ ಇರಲಿ. ಮೂರು ತಿಂಗಳಿಗೊಮ್ಮೆ ಆ ಗಿರಾಕಿಯ ಲೆಡ್ಜರ್ ಪ್ರತಿ ಕೊಡಬೇಕೆಂದೂ ಬರೆಸಿ. ಇಲ್ಲದಿದ್ದರೆ ಆರ್ಡರ್ ಬಂದದ್ದೇ ನಿಮಗೆ ತಿಳಿಯುವುದಿಲ್ಲ.

ತಪ್ಪಿದರೆ 50 ಲಕ್ಷ ದಂಡ ಎಂದು ಹೆದರಿಸುವ ಸಾಲಿನಿಂದ ಪ್ರಯೋಜನ ಕಡಿಮೆ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಮೇಲ್ಮಿತಿ ಅಷ್ಟೇ. ಅದರೊಳಗೆ ನ್ಯಾಯಾಲಯಕ್ಕೆ ಸಮಂಜಸ ಅನ್ನಿಸಿದ್ದು ಸಿಗುತ್ತದೆ. ಛಾಪಾ ಶುಲ್ಕವನ್ನು ಪೂರ್ತಿ ಕಟ್ಟಿ. ಕಡಿಮೆ ಕಟ್ಟಿದ ಕರಾರನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ಮೊದಲು ಬಾಕಿಯ ಜೊತೆ ದಂಡವನ್ನೂ ತೆರಬೇಕಾಗುತ್ತದೆ.

ಪ್ರಶ್ನೆ: ಕೆಲಸ ಬಿಟ್ಟ ಸೇಲ್ಸ್ ಹುಡುಗ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದೆಂದು ಬರೆಸಿಕೊಂಡಿದ್ದೇವೆ. ನಿಲ್ಲುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಕರಾರಿನ ಅವಧಿ ಮುಗಿದ ಮೇಲಿನ ಇಂಥ ನಿರ್ಬಂಧ ಅನೂರ್ಜಿತ ಎಂದು ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲಿ (2006) ಸುಪ್ರೀಂ ಕೋರ್ಟ್ ಹೇಳಿದೆ. ಕೆಲಸದಲ್ಲಿ ಇರುವಷ್ಟು ದಿನ ಬೇರೆಯವರಿಗೆ ದುಡಿಯಬಾರದು ಎಂಬುದು ನಿಲ್ಲುತ್ತದೆ. ನಿಮ್ಮ ಗಿರಾಕಿಗಳನ್ನು ತಾನಾಗಿ ಹೋಗಿ ಸೆಳೆಯಬಾರದು ಎಂಬ ಷರತ್ತಿಗೂ ಬೆಲೆಯುಂಟು. 2009ರಲ್ಲಿ ದೆಹಲಿ ಹೈಕೋರ್ಟ್ ಪೈಪೋಟಿಯ ನಿಷೇಧವನ್ನು ಒಪ್ಪದೆ, ಗಿರಾಕಿಗಳನ್ನು ಸಂಪರ್ಕಿಸುವುದಕ್ಕೆ ಮಾತ್ರ ತಡೆ ಕೊಟ್ಟಿತ್ತು. ಆದ್ದರಿಂದ ಕೊನೆಯ 12 ತಿಂಗಳಲ್ಲಿ ಆತ ಸ್ವತಃ ನೋಡಿಕೊಂಡ ಗಿರಾಕಿಗಳಿಗೆ, 12 ತಿಂಗಳ ಮಟ್ಟಿಗೆ ಷರತ್ತನ್ನು ಇಳಿಸಿ. ಗಿರಾಕಿಯೇ ಹುಡುಕಿಕೊಂಡು ಹೋದರೆ ತಡೆಯುವುದು ಕಷ್ಟ.

ಗಿರಾಕಿಯ ಹೆಸರು, ಫೋನ್ ನಂಬರು ಡೈರೆಕ್ಟರಿಯಲ್ಲೇ ಸಿಗುವಂತಿದ್ದರೆ ಅದನ್ನು ಗುಟ್ಟು ಎನ್ನಲಾಗದು. ಯಾರಿಗೆ ಯಾವ ದರ, ಎಷ್ಟು ರಿಯಾಯಿತಿ, ಎಷ್ಟು ದಿನದ ಉದ್ದರಿ, ಮುಂದಿನ ಆರ್ಡರ್ ಯಾವಾಗ – ಗುಟ್ಟು ಇರುವುದು ಇಲ್ಲಿ, ಕರಾರಿನಲ್ಲಿ ಇವನ್ನು ಹೆಸರಿಸಿ. ಸಿಮ್ ಮತ್ತು ವಾಟ್ಸಾಪ್ ಬಿಸಿನೆಸ್ ಕಂಪನಿಯ ನಂಬರಿನಲ್ಲೇ ಇರಲಿ. ಸ್ವಂತ ಫೋನಿನಲ್ಲಿ ವರ್ಷಗಟ್ಟಲೆ ವ್ಯವಹಾರ ಮಾಡಲು ಬಿಟ್ಟು, ಹೋಗುವ ದಿನ ನಂಬರು ಕೇಳಿದರೆ ಯಾರು ಕೊಡುತ್ತಾರೆ? ವಾಟ್ಸಾಪ್ ಸಂದೇಶಗಳನ್ನು ಸಾಕ್ಷ್ಯವಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು. ಬರೀ ಸ್ಕ್ರೀನ್‌ಶಾಟ್ ಸಾಲದು.

ಪ್ರಶ್ನೆ: ಪಾಲುದಾರರೊಬ್ಬರು ಹೊರಹೋಗುತ್ತಿದ್ದಾರೆ. ಅವರಿಗೂ ಇದೇ ನಿಯಮವೇ?
– ಓದುಗರು, ದಾವಣಗೆರೆ

ಉತ್ತರ: ಇಲ್ಲಿ ನಿಮ್ಮ ಕೈ ಗಟ್ಟಿ. ಬೇರೆ ಕರಾರು ಇಲ್ಲದಿದ್ದರೂ, ಹೊರಹೋದ ಪಾಲುದಾರರು ಫರ್ಮಿನ ಹೆಸರು ಬಳಸುವಂತಿಲ್ಲ, ಹಳೆಯ ಗಿರಾಕಿಗಳ ಬಳಿ ವ್ಯಾಪಾರ ಕೇಳುವಂತಿಲ್ಲ (1932ರ ಪಾಲುದಾರಿಕೆ ಕಾಯ್ದೆ, 36ನೇ ಕಲಂ). ನಿರ್ದಿಷ್ಟ ಅವಧಿಗೆ ಅಥವಾ ನಿರ್ದಿಷ್ಟ ಊರಿನ ಮಿತಿಯಲ್ಲಿ ಅದೇ ಬಗೆಯ ವ್ಯಾಪಾರ ಮಾಡಬಾರದು ಎಂಬ ಒಪ್ಪಂದವೂ, ಸಮಂಜಸವಾಗಿದ್ದರೆ, ಊರ್ಜಿತ. ಲೆಕ್ಕ ಚುಕ್ತಾ ಮಾಡುವ ಮೊದಲೇ, ನಿವೃತ್ತಿ ಪತ್ರದಲ್ಲಿ ಗಿರಾಕಿಗಳ ಪಟ್ಟಿ ಲಗತ್ತಿಸಿ ಸಹಿ ಹಾಕಿಸಿಕೊಳ್ಳಿ.