ಓದುಗರ ಪ್ರಶ್ನೆ: ಕಾಲಿಮ್ನೋಸ್ ದ್ವೀಪದಲ್ಲಿ ಶಿಲಾರೋಹಣ

ಪ್ರಶ್ನೆ: ನಾವು ನಾಲ್ವರು ಗೆಳೆಯರು ಕೆಲವು ವರ್ಷಗಳಿಂದ ರಾಮನಗರ ಮತ್ತು ಬಾದಾಮಿಯ ಬಂಡೆಗಳನ್ನು ಏರುತ್ತಿದ್ದೇವೆ. ಬರುವ ಆಗಸ್ಟ್‌ನಲ್ಲಿ ಗ್ರೀಸ್ ದೇಶದ ಕಾಲಿಮ್ನೋಸ್ ದ್ವೀಪಕ್ಕೆ ಹೋಗಬೇಕೆಂದಿದ್ದೇವೆ. ಆ ತಿಂಗಳು ಸೂಕ್ತವೇ? ನಮ್ಮಲ್ಲಿರುವ 60 ಮೀಟರ್ ಹಗ್ಗ ಸಾಕೇ? ವೀಸಾ ಮತ್ತು ವಿಮೆಯ ಬಗ್ಗೆಯೂ ತಿಳಿಸಿ.
– ಬೆಂಗಳೂರಿನ ಓದುಗರೊಬ್ಬರು

ಉತ್ತರ: ನೀವು ಕೇಳಿರುವುದರಲ್ಲಿ ಜೀವಕ್ಕೆ ಸಂಬಂಧಿಸಿದ್ದು ಹಗ್ಗದ ವಿಷಯವಾದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. 60 ಮೀಟರ್ ಸಾಲದು. ಏರಿದವರನ್ನು ತುದಿಯ ಆಂಕರ್‌ನಿಂದ (ಬಂಡೆಗೆ ಭದ್ರವಾಗಿ ಬಿಗಿದ ಕೊಂಡಿ) ನೆಲಕ್ಕಿಳಿಸಲು ರೂಟ್‌ನ, ಅಂದರೆ ಬಂಡೆಯ ಮೇಲೆ ಏರುವ ದಾರಿಯ, ಉದ್ದದ ಎರಡರಷ್ಟು ಹಗ್ಗ ಬೇಕು. ಕಾಲಿಮ್ನೋಸ್‌ನಲ್ಲಿ 30 ಮೀಟರ್ ಮೀರಿದ ರೂಟ್‌ಗಳು ಧಾರಾಳವಾಗಿವೆ. 70 ಮೀಟರ್ ಹಗ್ಗ ಕನಿಷ್ಠ ಅಗತ್ಯ, ಹೊಸದಾಗಿ ಕೊಳ್ಳುವುದಾದರೆ 80 ಮೀಟರ್‌ನದನ್ನೇ ಕೊಳ್ಳಿ. ಯಾವ ಹಗ್ಗವಾದರೂ ಕೆಳಗಿನ ತುದಿಗೆ ಗಂಟು ಹಾಕದೆ ಯಾರನ್ನೂ ಮೇಲೆ ಕಳುಹಿಸಬೇಡಿ. ಇಳಿಸುತ್ತಿರುವಾಗ ಹಗ್ಗ ಮುಗಿದು, ಅದರ ತುದಿ ಕೆಳಗೆ ನಿಂತವರು ಹಗ್ಗ ನಿಯಂತ್ರಿಸುವ ಬಿಲೇ ಸಾಧನದಿಂದ ಜಾರಿ ಹೊರಬಂದರೆ, ಮೇಲಿರುವವರು ನೇರವಾಗಿ ನೆಲಕ್ಕೆ ಬೀಳುತ್ತಾರೆ. ಪಳಗಿದವರಿಗೂ ಹೀಗೆ ಆಗಿರುವುದುಂಟು. ಗೈಡ್‌ಬುಕ್‌ನಲ್ಲಿ ಪ್ರತಿ ರೂಟ್‌ನ ಉದ್ದವನ್ನು ಕೊಟ್ಟಿರುತ್ತಾರೆ, ಹತ್ತುವ ಮೊದಲು ಅದನ್ನು ನೋಡಿಕೊಳ್ಳಿ. ಉದ್ದದ ರೂಟ್‌ಗಳಿಗೆ ಹಗ್ಗವನ್ನು ಬಂಡೆಯ ಬೋಲ್ಟ್‌ಗಳಿಗೆ ಸೇರಿಸುವ ಕ್ವಿಕ್‌ಡ್ರಾ ಎಂಬ ಕೊಂಡಿಗಳೂ ಹದಿನೆಂಟರಷ್ಟು ಬೇಕಾಗುತ್ತವೆ. ಕಡಿದಾದ ಇಳಿಜಾರುಗಳಲ್ಲಿ ಓಡಾಡುವ ಆಡುಗಳು ಆಗಾಗ ಕಲ್ಲು ಉರುಳಿಸುವುದರಿಂದ ಹೆಲ್ಮೆಟ್ ಏರುವವರಿಗಷ್ಟೇ ಅಲ್ಲ, ಕೆಳಗೆ ನಿಂತು ಹಗ್ಗ ಹಿಡಿದವರಿಗೂ ಬೇಕು.

ಆಗಸ್ಟ್ ಬೇಡ. ಬಿಸಿಲಿನಲ್ಲಿ ಕಲ್ಲು ಕಾಯುತ್ತದೆ, ಬೆವರಿದ ಬೆರಳುಗಳಿಗೆ ಹಿಡಿತ ಸಿಗುವುದಿಲ್ಲ. ಸಾಲದ್ದಕ್ಕೆ ಏಜಿಯನ್ ಸಮುದ್ರದಲ್ಲಿ ಬೇಸಿಗೆಯುದ್ದಕ್ಕೂ ಬೀಸುವ ಮೆಲ್ಟೆಮಿ ಎಂಬ ಉತ್ತರದ ಗಾಳಿ ಜೋರಾದ ದಿನ ದೋಣಿಗಳ ವೇಳಾಪಟ್ಟಿ ಏರುಪೇರಾಗುತ್ತದೆ. ರಜೆಯನ್ನು ದಸರಾದಿಂದ ರಾಜ್ಯೋತ್ಸವದವರೆಗಿನ ಅವಧಿಗೆ ಹೊಂದಿಸಿಕೊಳ್ಳಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಅಕ್ಟೋಬರ್‌ನಲ್ಲಿ ಜನಸಂದಣಿ ಹೆಚ್ಚಿರುವುದರಿಂದ ಕೋಣೆಯನ್ನು ಮುಂಚಿತವಾಗಿ ಕಾದಿರಿಸಿ. ಜನಸಂದಣಿ ಒಗ್ಗದವರಿಗೆ ಏಪ್ರಿಲ್, ಮೇ ತಿಂಗಳುಗಳೂ ಚೆನ್ನಾಗಿರುತ್ತವೆ.

ವಸತಿಗೆ ಪಶ್ಚಿಮ ತೀರದ ಮಸೂರಿ ಹಳ್ಳಿಯನ್ನು ಆರಿಸಿಕೊಳ್ಳಿ. ಅದರ ಮೇಲಿನ ಬಂಡೆಗಳಿಗೆ ನಡೆದೇ ಹೋಗಬಹುದು. ಅವುಗಳಲ್ಲಿ ಹೆಚ್ಚಿನವು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಹೊತ್ತು ನೆರಳಿರುತ್ತದೆ. ರಾಮನಗರದ ಗ್ರಾನೈಟ್ ಮೇಲೆ ಪಾದದ ಉಜ್ಜುವಿಕೆಯನ್ನು ನಂಬಿ ಏರಿದವರಿಗೆ ಇಲ್ಲಿನ ಸುಣ್ಣಕಲ್ಲು ಹೊಸ ಪಾಠ. ನೀರು ಸಾವಿರಾರು ವರ್ಷ ತೊಟ್ಟಿಕ್ಕಿ ಸುಣ್ಣ ಗಟ್ಟಿಯಾಗಿ ಮೂಡಿದ ಟ್ಯೂಫಾ ಎಂಬ ಏಣುಗಳು ಮುಂದಕ್ಕೆ ಬಾಗಿದ ಗೋಡೆಯಿಂದ ಆನೆಯ ಸೊಂಡಿಲಿನಂತೆ ಇಳಿಬಿದ್ದಿರುತ್ತವೆ. ಅವುಗಳನ್ನು ಅಂಗೈಯಲ್ಲಿ ಹಿಸುಕಿ ಹಿಡಿದು, ಮೊಣಕಾಲುಗಳ ನಡುವೆ ಅದುಮಿಕೊಂಡು ಮೇಲೇರಬೇಕು. ಗ್ರಾಂಡೆ ಗ್ರೊಟ್ಟಾ ಗುಹೆಯ ಚಿತ್ರಗಳನ್ನು ನೋಡಿ ಮೊದಲ ದಿನವೇ ಅಲ್ಲಿಗೆ ಧಾವಿಸದೆ, ಬಾದಾಮಿಯಲ್ಲಿ ನಿಮಗೆ ಸಲೀಸಾದ ಗ್ರೇಡ್‌ಗಿಂತ (ರೂಟ್‌ನ ಕಷ್ಟದ ಮಟ್ಟ) ಒಂದೆರಡು ಮೆಟ್ಟಿಲು ಕೆಳಗಿನಿಂದ ಆರಂಭಿಸುವುದು ಲೇಸು. ಒಂದು ದಿನ ಎದುರಿನ ಟೆಲೆಂಡೋಸ್ ನಡುಗಡ್ಡೆಗೂ ದೋಣಿಯಲ್ಲಿ ಹೋಗಿ ಬನ್ನಿ. ಸಮುದ್ರದಾಳದಿಂದ ಸ್ಪಂಜು ತೆಗೆಯುವುದೇ ಕಸುಬಾಗಿದ್ದ ಈ ದ್ವೀಪಕ್ಕೆ ಆ ಕಸುಬು ಕುಸಿದ ಮೇಲೆ ಆಸರೆಯಾದದ್ದರಲ್ಲಿ ಬಂಡೆಗಳದೂ ಪಾಲಿದೆ. 1990ರ ದಶಕದಲ್ಲಿ ಇಟಲಿಯ ಆಂಡ್ರೆಯಾ ಡಿ ಬಾರಿ ಇಲ್ಲಿ ಮೊದಲ ರೂಟ್‌ಗಳನ್ನು ತೆರೆದವರು.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ (ಗ್ರೀಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ವೀಸಾ) ಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿದೆ, ತಡಮಾಡಬೇಡಿ. ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಅನೇಕವು ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆ. ಶಿಲಾರೋಹಣದ ಅಪಘಾತಕ್ಕೂ ರಕ್ಷಣಾ ಕಾರ್ಯದ ವೆಚ್ಚಕ್ಕೂ ಅದು ಅನ್ವಯಿಸುತ್ತದೆಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಂಡ ನಂತರವೇ ಹಣ ಕಟ್ಟಿ. ದಾರಿಯ ಬಗ್ಗೆ ಹೇಳುವುದಾದರೆ, ಪಕ್ಕದ ಕೋಸ್ ದ್ವೀಪಕ್ಕೆ ವಿಮಾನದಲ್ಲಿ ಹೋಗಿ, ನಿಲ್ದಾಣಕ್ಕೆ ಹತ್ತಿರದ ಮಸ್ತಿಹಾರಿ ಬಂದರಿನಿಂದ ದೋಣಿ ಹಿಡಿಯುವುದು ಸುಲಭ. ವಿಮಾನ ಸಂಜೆ ತಡವಾಗಿ ಇಳಿಯುವಂತಿದ್ದರೆ ಆ ರಾತ್ರಿ ಮಸ್ತಿಹಾರಿಯಲ್ಲೇ ತಂಗುವ ಏರ್ಪಾಡು ಮಾಡಿಕೊಳ್ಳಿ.