ಬೋರ್ಡಿನಲ್ಲಿ ಕಳೆದುಹೋದ ಒತ್ತಕ್ಷರ

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಒಬ್ಬಳು ಹುಡುಗಿ ಬಾಯಲ್ಲಿ ಕೇಳಿದರೆ ಎಲ್ಲ ಪಟಪಟ ಹೇಳುತ್ತಾಳೆ. ಬೋರ್ಡ್ ನೋಡಿ ಬರೆದರೆ ಮಾತ್ರ 'ಅಜ್ಜಿ' 'ಅಜಿ' ಆಗುತ್ತದೆ, 'ಧನ' 'ದನ' ಆಗುತ್ತದೆ. ಕನ್ನಡಕ ಇದೆ, ಇದಕ್ಕಿಂತ ದೃಷ್ಟಿ ಸರಿಹೋಗಲ್ಲ ಅಂದಿದ್ದಾರಂತೆ ಡಾಕ್ಟರು. ಮುಂದಿನ ಬೆಂಚಲ್ಲೇ ಕೂರಿಸಿದ್ದೇನೆ. ಇನ್ನೇನು ಮಾಡಲಿ?
– ಒಬ್ಬ ಶಿಕ್ಷಕಿ, ಶಿರಾ ತಾಲ್ಲೂಕು

ಉತ್ತರ: ಟೀಚರ್, ಆ ತಪ್ಪುಗಳನ್ನೇ ಇನ್ನೊಮ್ಮೆ ನೋಡಿ. ಅವಳು ಬಿಟ್ಟಿದ್ದು ಅಜ್ಜಿಯ ಒತ್ತು, 'ಧ'ದ ಕೆಳಗಿನ ಪುಟ್ಟ ಗೀಟು. ನಮ್ಮ ಲಿಪಿಯಲ್ಲಿ ಇಂಥ ಚೂರುಗಳೆಲ್ಲ ಅಕ್ಷರದ ಬುಡದಲ್ಲಿ, ಸಣ್ಣಗೆ ಇರುತ್ತವೆ. ಅವಳಿಗೆ ಅಕ್ಷರ ಬರುತ್ತದೆ, ಆದರೆ ಕಾಣುತ್ತಿಲ್ಲ. ಹತ್ತು ಸಲ ಬರೆಸಿದರೂ ಹತ್ತು ಸಲ 'ಅಜಿ'ಯೇ ಬರುತ್ತದೆ, ಅಲ್ವಾ?

ಹತ್ತು ಅಡಿ ದೂರವನ್ನು ಐದಕ್ಕೆ ಇಳಿಸಿದರೆ ಅದೇ ಅಕ್ಷರ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಬೇಕೆಂದಾಗ ಎದ್ದು ಬೋರ್ಡಿನ ಹತ್ತಿರ ಹೋಗಿ ಬರಲಿ, ಪ್ರತಿ ಸಲ ಕೈ ಎತ್ತಿ ಕೇಳಬೇಕು ಅನ್ನಬೇಡಿ. ಕಿಟಕಿ ಅವಳ ಬೆನ್ನಿಗಿರಲಿ. ಕಪ್ಪು ಬೋರ್ಡಿನಲ್ಲಿ ಕೆಂಪು, ನೀಲಿ ಸೀಮೆಸುಣ್ಣ ಮುಳುಗಿಹೋಗುತ್ತದೆ, ಬಿಳಿ ಅಥವಾ ಹಳದಿ ಬಳಸಿ. ಮುಖ್ಯವಾಗಿ, ಬರೆಯುತ್ತಾ ಬಾಯಲ್ಲೂ ಹೇಳಿ: 'ಜಕ್ಕೆ ಗುಡಿಸು, ಕೆಳಗೆ ಜ ಒತ್ತು' ಅಂತ. ನನಗೊಬ್ಬರು ಮೇಷ್ಟ್ರಿದ್ದರು, ನಮಗೆ ಬೆನ್ನು ಹಾಕಿ ಸುಮ್ನೆ ಬೋರ್ಡ್ ತುಂಬಿಸಿ, ನಾವು ತಲೆ ಎತ್ತುವಷ್ಟರಲ್ಲಿ ಡಸ್ಟರ್ ಹಿಡಿದಿರುತ್ತಿದ್ದರು. ಕಣ್ಣು ನೆಟ್ಟಗಿದ್ದ ನನಗೇ ಅರ್ಧ ಸಿಗುತ್ತಿರಲಿಲ್ಲ!

ಪುಸ್ತಕಕ್ಕೆ ಒಂದು ಉಪಾಯ ಇದೆ. ಕಪ್ಪು ಡ್ರಾಯಿಂಗ್ ಶೀಟಿನಲ್ಲಿ ಒಂದು ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿ ಕೊಡಿ. ಸುತ್ತಲಿನ ಸಾಲುಗಳು ಮುಚ್ಚಿಹೋಗುತ್ತವೆ, ಕಣ್ಣು ತಪ್ಪುವುದಿಲ್ಲ. ಕಿಂಡಿ ಸ್ವಲ್ಪ ಎತ್ತರವಾಗಿಯೇ ಇರಲಿ, ಇಲ್ಲದಿದ್ದರೆ ಒತ್ತಕ್ಷರ ಮತ್ತೆ ಮರೆಯಾಗಿ ನೀವೇ 'ಅಜಿ' ಓದಿಸಿದ ಹಾಗಾಗುತ್ತದೆ. ಪುಸ್ತಕ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಮನೆಯವರು ಗದರಬಹುದು. ಅದರಿಂದ ಕಣ್ಣು ಹಾಳಾಗುವುದಿಲ್ಲ ಅಂತ ತಿಳಿಸಿ ಹೇಳಿ. ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯವಿರುವ ಮಕ್ಕಳ ಕಲಿಕೆಗೆ ನೆರವಾಗುವ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ, ಇದು ಅವರದೇ ಕೆಲಸ. ಫೋನ್ ಮಾಡಿ.

ಪ್ರಶ್ನೆ: ಮಗನಿಗೆ ಕಿವಿ ಮಂದ. ಖಾಸಗಿ ಶಾಲೆಯವರು 'ವಿಶೇಷ ಶಾಲೆಗೆ ಸೇರಿಸಿ' ಅಂತ ವಾಪಸ್ ಕಳಿಸಿದರು. ಹೀಗೆ ಹೇಳಬಹುದಾ?
– ಒಬ್ಬ ತಂದೆ, ಹಾಸನ

ಉತ್ತರ: ಹೇಳುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು. ವೈಕಲ್ಯ ಶೇ. 40 ಅಥವಾ ಜಾಸ್ತಿ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕೂ ಇದೆ, ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಅನ್ನುವ ಆಯ್ಕೆ ನಿಮ್ಮ ಕಡೆಯದು. 'ಸೀಟು ಕೊಡಲ್ಲ ಅನ್ನೋದನ್ನ ಬರೆದು ಕೊಡಿ' ಅಂತ ಕೇಳಿ. ಕೊಟ್ಟರೂ ಕೊಡದಿದ್ದರೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಅರ್ಜಿ ಹಾಕಿ, ಸ್ವೀಕೃತಿ ಇಸ್ಕೊಳ್ಳೋದು ಮರೆಯಬೇಡಿ.