ನೀರು ಹೆಣ್ಣು ಸರಿ, ಕೊಡಪಾನ ಹೊತ್ತವರು ಯಾರು?

ಪುರಾಣಗಳಲ್ಲಿ ನೀರು ಯಾಕೆ ಯಾವಾಗಲೂ ಹೆಣ್ಣು, ಸ್ತ್ರೀವಾದಿಗಳು ಇದಕ್ಕೆ ಏನನ್ನುತ್ತಾರೆ ಎಂದು ಕೇಳಿದ್ದೀರಿ.

ಯಾವಾಗಲೂ ಅಲ್ಲ. ನದಿ ಹೆಣ್ಣು, ಸಮುದ್ರ ಗಂಡು. ನಮ್ಮ ಕಾರವಾರ, ಕುಮಟಾ ಕಡೆ ನೂಲ ಹುಣ್ಣಿಮೆಗೆ ಮೀನುಗಾರರು ತೆಂಗಿನಕಾಯಿ ಅರ್ಪಿಸುವುದು ಸಮುದ್ರರಾಜನಿಗೆ. ಪುರಾಣದಲ್ಲಿ ಅವನು ನದಿಗಳ ಗಂಡ, ಲಕ್ಷ್ಮಿಯ ಅಪ್ಪ. ಹಾಗಾಗಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲರೂ ಘಟ್ಟದ ತವರಿನಿಂದ ಇಳಿದು ಗಂಡನ ಮನೆ ಸೇರುವವರು. ನಮ್ಮ ಮನೆಗಳ ಏರ್ಪಾಡನ್ನೇ ಭೂಗೋಳಕ್ಕೂ ಹಚ್ಚಿಬಿಟ್ಟಿದ್ದಾರೆ.

ಮಹಾಭಾರತದ ಗಂಗೆ ಇದಕ್ಕೆ ಸುಲಭಕ್ಕೆ ಬಗ್ಗುವವಳಲ್ಲ. ಏನು ಮಾಡಿದರೂ ಪ್ರಶ್ನೆ ಕೇಳಬಾರದು ಅಂತ ಶಂತನುವಿಗೆ ಷರತ್ತು ಹಾಕಿಯೇ ಮದುವೆಯಾದಳು. ಎಂಟನೇ ಮಗುವಿನ ಹೊತ್ತಿಗೆ ಅವನು ಬಾಯಿಬಿಟ್ಟ, ಅವಳು ಹೊರಟಳು.

ನನ್ನನ್ನು ಜಾಸ್ತಿ ಕಾಡುವವಳು ಅವನ ಎರಡನೇ ಹೆಂಡತಿ ಸತ್ಯವತಿ. ಬೆಸ್ತರ ಮನೆಯಲ್ಲಿ ಬೆಳೆದವಳು, ಯಮುನೆಯಲ್ಲಿ ದೋಣಿ ನಡೆಸುತ್ತಿದ್ದಳು. ಮೈಯೆಲ್ಲ ಮೀನಿನ ವಾಸನೆ. ಪರಾಶರ ಅವಳನ್ನು ಬಯಸಿದ. ವಾಸನೆ ಹೋಗಿ ಯೋಜನ ದೂರಕ್ಕೆ ಪರಿಮಳ ಹರಡುವ ವರ ಸಿಕ್ಕಿತು. ವರ ಕೇಳಿದ್ದು ಅವಳೇ ಅನ್ನುತ್ತದೆ ಕತೆ. ಕೇಳದೆ ಏನು ಮಾಡುತ್ತಾಳೆ? ಕಾರವಾರದ ಪೇಟೆಯಲ್ಲಿ ದಿನವಿಡೀ ಬಂಗುಡೆ, ತಾರ್ಲೆ ಮಾರಿದ ಹೆಂಗಸು ಖಾಲಿ ಬುಟ್ಟಿ ಹಿಡಿದು ಬಸ್ಸು ಹತ್ತಿದರೆ ಪಕ್ಕದವರು ಸುಮ್ನೆ ಕಿಟಕಿ ಕಡೆ ಸರಿಯುತ್ತಾರೆ. ಮೀನು ಮಾತ್ರ ಎಲ್ಲರಿಗೂ ಬೇಕು.

ಇನ್ನು ಬಾವಿ. ನಮ್ಮಲ್ಲಿ ಬಾಣಂತನ ಮುಗಿದ ಮೇಲೆ ಗಂಗೆ ಪೂಜೆ ಇರುತ್ತದೆ. ನನ್ನ ಅಕ್ಕ ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ವೀಳ್ಯ ಇಟ್ಟು, ಒಂದು ಕೊಡಪಾನ ನೀರು ಸೇದಿ ಒಳಗೆ ತಂದಳು. ನೋಡಲು ಚೆಂದವೇ. ಆದರೆ ನೀರು ಹೊರುವ ಕೆಲಸಕ್ಕೆ ಅವಳು ವಾಪಸ್ ಬಂದಳು ಅಂತಲೂ ಅದರ ಅರ್ಥ. ತಿಂಗಳಲ್ಲಿ ಮೂರು ದಿನ ಅದೇ ಹಗ್ಗವನ್ನು ಅವಳು ಮುಟ್ಟುವಂತಿರಲಿಲ್ಲ. ಗಂಗೆಗೆ ಮುಟ್ಟಾಗುವುದಿಲ್ವಾ ಅಂತ ಕೇಳಿ ನಾನು ಬೈಸಿಕೊಂಡಿದ್ದೆ. ಶಾಸ್ತ್ರದವರು ಅದನ್ನೂ ಯೋಚಿಸಿಟ್ಟಿದ್ದಾರೆ! ಕರ್ಕಾಟಕ, ಸಿಂಹ ಮಾಸಗಳ ಮಳೆಯಲ್ಲಿ ನದಿಗಳೆಲ್ಲ ರಜಸ್ವಲೆಯರು, ಸ್ನಾನ ಬೇಡ ಎನ್ನುತ್ತವೆ ಧರ್ಮಶಾಸ್ತ್ರಗಳು. ಸಮುದ್ರ ಸೇರುವ ನದಿಗಳಿಗೆ ಮಾತ್ರ ವಿನಾಯಿತಿ. ಗಂಡನ ಮನೆ ಸೇರಿದವರಿಗೆ ರಿಯಾಯಿತಿ ಅಂತ ನಾನು ಓದಿಕೊಂಡೆ.

ಸ್ತ್ರೀವಾದಿಗಳಲ್ಲೂ ಇದರ ಬಗ್ಗೆ ಒಮ್ಮತ ಇಲ್ಲ. ಫ್ರಾನ್ಸಿನ ಎಲೆನ್ ಸಿಕ್ಸೂ, ಲೂಸ್ ಇರಿಗರೆ ಅವರಿಗೆ ಸಮುದ್ರ, ಹರಿವು ಇವೆಲ್ಲ ಹೆಣ್ಣಿನ ಮೈಗೂ ಮಾತಿಗೂ ಹತ್ತಿರದವು. ವಂದನಾ ಶಿವ 1980ರ ದಶಕದಲ್ಲಿ ಪ್ರಕೃತಿಯನ್ನು ಸ್ತ್ರೀಶಕ್ತಿಯಾಗಿಯೇ ಕಂಡರು. ಬೀನಾ ಅಗರ್ವಾಲ್ 1992ರಲ್ಲಿ ಇದಕ್ಕೆ ತಕರಾರು ತೆಗೆದರು: ಹೆಣ್ಣಿಗೆ ನೀರು, ಕಾಡಿನ ಜೊತೆ ನಂಟು ಇರುವುದು ಹುಟ್ಟುಗುಣದಿಂದಲ್ಲ; ನೀರು, ಸೌದೆ ತರುವ ದುಡಿಮೆ ಅವಳ ತಲೆಗೆ ಕಟ್ಟಿರುವುದರಿಂದ, ಅದೂ ಬಡವರ ಮನೆಯ ಹೆಣ್ಣಿಗೆ. ಬಾವಿಯಲ್ಲಿ ನೀರು ಸೇದಿದ ಯಾರಿಗಾದರೂ ಈ ಮಾತು ತಟ್ಟನೆ ಅರ್ಥವಾಗುತ್ತದೆ. ನನ್ನ ಮತ ಬೀನಾ ಅವರಿಗೆ.

ಶಿರಸಿಯ ಗಣೇಶನಗರದ ಗೌರಿ ನಾಯ್ಕರ ಸುದ್ದಿ ನೀವು ಓದಿರಬಹುದು. ತೋಟಕ್ಕೆ ನೀರು ಬೇಕೆಂದು ಒಬ್ಬರೇ ಸುಮಾರು 60 ಅಡಿ ಬಾವಿ ತೋಡಿದವರು. 2024ರಲ್ಲಿ ಅಂಗನವಾಡಿ ಮಕ್ಕಳಿಗಾಗಿ ಇನ್ನೊಂದು ತೋಡಿದರು. ಪತ್ರಿಕೆಗಳು ಅವರನ್ನು ಭಗೀರಥನಿಗೆ ಹೋಲಿಸಿದವು. ನನಗೆ ನೆನಪಾದವಳು ‘ಕೆರೆಗೆ ಹಾರ’ದ ಭಾಗೀರಥಿ, ಕೆರೆಗೆ ನೀರು ಬರಲೆಂದು ಗಂಡನ ಮನೆಯವರು ಬಲಿ ಕೊಟ್ಟ ಕಿರಿಸೊಸೆ. ಈ ವಿಷಯದ ಮೇಲೆ ನೀವು ಏನಾದರೂ ಬರೆಯುವುದಾದರೆ ಗಂಗೆಯಿಂದ ಶುರು ಮಾಡಬೇಡಿ, ಇವರಿಬ್ಬರಿಂದ ಶುರು ಮಾಡಿ.